ಮಿಯೂರ ಮೇಲೋ, ಡೀನೋ ಮೇಲೋ?

(ಓರ್ವ ಅಂತಿಮ ಬಿ.ಎ. ವಿದ್ಯಾರ್ಥಿ)

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ಬಹಳ ಪುರಾತನವಾದುದು. ಕೆಲವರು ನಾಣ್ಯಗಳನ್ನು ಕೂಡಿಡುತ್ತಾರೆ, ಕೆಲವರು ಅಂಚೆಚೀಟಿಗಳನ್ನು, ಇನ್ನು ಕೆಲವರು ತಾಳೆಗರಿಗಳನ್ನು. ಹಣವಂತರಾದ ಕೆಲವರು ಹಳೆಯ ಮೋಟಾರು ಕಾರುಗಳನ್ನು ಕೂಡಿಡುತ್ತಾರೆ. ಈ ಕಡೆಯ ಬಗೆಯ ಸಂಗ್ರಾಹಕರಲ್ಲಿ ಬಹುಕಾಲದಿಂದ ನಡೆದುಬಂದ ಒಂದು ವಾದವಿದೆ. ಇಟಲಿ ದೇಶದ ಒಂದೇ ಸೀಮೆಯಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದ ಎರಡು ಕಾರುಗಳಲ್ಲಿ ಯಾವುದು ಮೇಲು? ಲಂಬೋರ್ಗಿನಿ ಕಾರ್ಖಾನೆಯ ಮಿಯೂರ ಮೇಲೋ, ಫೆರಾರಿ ಕಾರ್ಖಾನೆಯ ಡೀನೋ ಮೇಲೋ? ಈ ವಾದದಲ್ಲಿ ನನ್ನದೂ ಒಂದು ಅಭಿಪ್ರಾಯವನ್ನು ಮಂಡಿಸುವುದೇ ಈ ಲೇಖನದ ಉದ್ದೇಶ.

ಇಷ್ಟು ಓದಿದೊಡನೆಯೇ ನನ್ನ ಸಹಪಾಠಿಗಳಲ್ಲಿ ಕೆಲವರು ನಗುವರೆಂದು ಬಲ್ಲೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆ ಅವರ ನಾಲಗೆಯ ತುದಿಗೆ ಆಗಲೇ ಬಂದಿರಬಹುದು. ಬಸ್ ಪಾಸು ಹಿಡಿದು ಕಾಲೇಜಿಗೆ ಬರುವವನಿಗೆ ಕೋಟಿಗಟ್ಟಲೆ ಬೆಲೆಯ ಕಾರುಗಳ ಗೊಡವೆ ಏಕೆ? ಪ್ರಶ್ನೆ ನ್ಯಾಯವಾದುದೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಂದೆಯವರು ಬೇರೆಯವರ ಟ್ರ್ಯಾಕ್ಟರನ್ನು ಓಡಿಸಿ ನಮ್ಮನ್ನು ಸಾಕಿದವರು. ಈ ಎರಡು ಕಾರುಗಳಲ್ಲಿ ಒಂದನ್ನಾದರೂ ನಾನು ಕಣ್ಣಾರೆ ಕಂಡವನಲ್ಲ. ಪುಸ್ತಕಗಳಿಂದ, ಕೈಯಲ್ಲಿರುವ ಫೋನಿನಿಂದ ಇವುಗಳ ವಿಷಯವನ್ನು ತಿಳಿದವನು. ಆದರೆ ಬೇಲೂರಿನ ಶಿಲಾಬಾಲಿಕೆಯನ್ನು ಮೆಚ್ಚಬೇಕಾದರೆ ನಾವು ಅದರ ಒಡೆಯರಾಗಬೇಕೇನು? ಮನುಷ್ಯನ ಕೈ ಮತ್ತು ಬುದ್ಧಿ ಸೇರಿ ಮಾಡಿದ ಒಳ್ಳೆಯ ವಸ್ತು ಯಾರ ಮನೆಯಲ್ಲಿದ್ದರೂ ಅದನ್ನು ಕುರಿತು ಯೋಚಿಸುವ ಹಕ್ಕು ಎಲ್ಲರಿಗೂ ಇದೆ. ವಿದ್ಯೆಯಿಂದ ನನಗೆ ದೊರೆತ ಲಾಭಗಳಲ್ಲಿ ಇದೂ ಒಂದೆಂದು ನಾನು ತಿಳಿದಿದ್ದೇನೆ.

ವಿಷಯಕ್ಕೆ ಬರುವ ಮುನ್ನ ಒಂದು ಮಾತನ್ನು ವಿವರಿಸಬೇಕು. ಈ ಎರಡೂ ‘ಮಧ್ಯ ಎಂಜಿನ್’ ಕಾರುಗಳು. ಹಾಗೆಂದರೇನು? ಸಾಮಾನ್ಯವಾಗಿ ಕಾರಿನ ಎಂಜಿನು ಮುಂದುಗಡೆ ಇರುತ್ತದೆ. ಇವುಗಳಲ್ಲಿ ಅದು ಚಾಲಕನ ಬೆನ್ನಿನ ಹಿಂದೆ, ಹಿಂದಿನ ಅಚ್ಚಿಗೆ ಮುಂದಾಗಿ, ಅಂದರೆ ಎರಡು ಅಚ್ಚುಗಳ ನಡುವೆ ಕುಳಿತಿರುತ್ತದೆ. ಇದರ ಮರ್ಮ ಎತ್ತಿನ ಗಾಡಿ ಹೂಡಿದವರಿಗೆಲ್ಲ ಗೊತ್ತು. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಭಾರವು ನಡುವೆ ನೆಲೆಸಿದರೆ ಗಾಡಿ ಹೇಳಿದಂತೆ ಕೇಳುತ್ತದೆ. ಕಾರಿನಲ್ಲಿಯೂ ಹಾಗೆಯೇ. ತೂಕವೆಲ್ಲ ನಡುವೆ ಇದ್ದರೆ ತಿರುವಿನಲ್ಲಿ ಗಾಡಿ ಚುರುಕಾಗಿ ತಿರುಗುತ್ತದೆ. ಆದರೆ ಈ ಗುಣಕ್ಕೆ ಅಂಟಿಕೊಂಡೇ ಒಂದು ದೋಷವೂ ಇದೆ: ಹಿಡಿತ ತಪ್ಪಿದರೆ ಅಷ್ಟೇ ಚುರುಕಾಗಿ ಗಿರಕಿ ಹೊಡೆಯುತ್ತದೆ.

ಪಂದ್ಯದ ಕಾರುಗಳಲ್ಲಿ ಈ ಏರ್ಪಾಟಿನ ಮೇಲ್ಮೆ ಆಗಲೇ ಸಿದ್ಧವಾಗಿತ್ತು. ೧೯೫೯ ಮತ್ತು ೧೯೬೦ರಲ್ಲಿ ಇಂಗ್ಲೆಂಡಿನ ಕೂಪರ್ ಕಾರುಗಳು ಎಂಜಿನನ್ನು ಚಾಲಕನ ಹಿಂದೆ ಇಟ್ಟುಕೊಂಡೇ ವಿಶ್ವ ಚಾಂಪಿಯನ್ ಪದವಿಯನ್ನು ಗೆದ್ದವು. ಹಳಬರಾದ ಎಂಜೊ ಫೆರಾರಿಯವರು ಮಾತ್ರ ಬಹುಕಾಲ ಒಪ್ಪಲಿಲ್ಲ. ಕುದುರೆ ಗಾಡಿಯನ್ನು ಎಳೆಯಬೇಕೇ ಹೊರತು ನೂಕಬಾರದು ಎಂಬುದು ಅವರ ನಿಲುವಾಗಿತ್ತೆಂದು ಹೇಳುತ್ತಾರೆ. ಕಡೆಗೆ ಅವರೂ ಮಣಿದರು; ೧೯೬೧ರಲ್ಲಿ ಅವರ ಮಧ್ಯ ಎಂಜಿನ್ ಕಾರಿನಲ್ಲಿಯೇ ಫಿಲ್ ಹಿಲ್ ವಿಶ್ವ ಚಾಂಪಿಯನ್ ಆದರು. ಆದರೆ ಪಂದ್ಯದ ಮಾತು ಬೇರೆ, ಗಿರಾಕಿಯ ಮಾತು ಬೇರೆ. ನುರಿತ ಚಾಲಕನಿಗೆ ಕೊಡುವುದನ್ನು ಹಣವಂತ ಗಿರಾಕಿಯ ಕೈಗೆ ಕೊಟ್ಟರೆ ಪ್ರಾಣಕ್ಕೆ ಅಪಾಯ ಎಂದು ಫೆರಾರಿ ಹಿಂಜರಿಯುತ್ತಿದ್ದರು.

ಈ ಹಿಂಜರಿಕೆಯ ಸಮಯದಲ್ಲಿಯೇ ಲಂಬೋರ್ಗಿನಿ ಮುಂದೆ ನುಗ್ಗಿದರು. ಫೆರುಚ್ಚೊ ಲಂಬೋರ್ಗಿನಿ ೧೯೧೬ರಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉಳಿದುಬಿದ್ದಿದ್ದ ಸೈನ್ಯದ ವಾಹನಗಳ ಭಾಗಗಳನ್ನು ಜೋಡಿಸಿ ಟ್ರ್ಯಾಕ್ಟರುಗಳನ್ನು ಮಾಡಿ ಮಾರಿ ಶ್ರೀಮಂತರಾದರು. ಅವರಲ್ಲಿ ಫೆರಾರಿ ಕಾರೂ ಇತ್ತು. ಅದರ ಕ್ಲಚ್ಚು ಪದೇ ಪದೇ ಕೆಡುತ್ತಿತ್ತೆಂದೂ, ದೂರು ಹೇಳಲು ಹೋದಾಗ ಟ್ರ್ಯಾಕ್ಟರಿನವನಿಗೆ ಕಾರಿನ ವಿಷಯ ಏನು ತಿಳಿದೀತೆಂದು ಎಂಜೊ ಹೀಗಳೆದರೆಂದೂ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಮಾತು ಹೀಗೆಯೇ ನಡೆಯಿತೋ ಇಲ್ಲವೋ, ೧೯೬೩ರಲ್ಲಿ ಸಾಂತ್ ಆಗತ ಎಂಬ ಊರಿನಲ್ಲಿ ಅವರು ಸ್ವಂತ ಕಾರು ಕಾರ್ಖಾನೆಯನ್ನು ತೆರೆದದ್ದಂತೂ ನಿಜ. ಫೆರಾರಿ ಕಾರ್ಖಾನೆ ಅಲ್ಲಿಂದ ಬಹಳ ದೂರವೇನಲ್ಲ. ಒಂದು ಗಂಟೆಯೊಳಗಿನ ದಾರಿ.

ಮಿಯೂರ ಹುಟ್ಟಿದ ಬಗೆಯಂತೂ ನಮ್ಮಂಥ ತರುಣರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ಅದರ ಚೌಕಟ್ಟನ್ನು ರೂಪಿಸಿದ ಜಾನ್ ಪಾವ್ಲೊ ದಲ್ಲಾರ, ಜೊತೆಗಾರ ಪಾವ್ಲೊ ಸ್ತಾಂಜಾನಿ, ಓಡಿಸಿ ಪರೀಕ್ಷಿಸಿದ ನ್ಯೂಜಿಲೆಂಡಿನ ಬಾಬ್ ವಾಲೇಸ್, ಬೆರ್ತೊನೆ ಸಂಸ್ಥೆಯಲ್ಲಿದ್ದು ಮೈಕಟ್ಟನ್ನು ಬರೆದ ಮಾರ್ಚೆಲ್ಲೊ ಗಾಂದಿನಿ, ಈ ನಾಲ್ವರಿಗೂ ಆಗ ಮೂವತ್ತು ತುಂಬಿರಲಿಲ್ಲ. ಯಜಮಾನರು ಅಪ್ಪಣೆ ಕೊಟ್ಟು ಮಾಡಿಸಿದ ಕೆಲಸವೂ ಇದಲ್ಲ. ಹುಡುಗರು ಬಿಡುವಿನ ವೇಳೆಯಲ್ಲಿ ಕುಳಿತು ಮೊದಲ ನಕ್ಷೆಯನ್ನು ತಯಾರಿಸಿ ಅನಂತರ ಯಜಮಾನರ ಮುಂದಿಟ್ಟರು. ೧೯೬೫ರ ನವೆಂಬರಿನಲ್ಲಿ ಟ್ಯೂರಿನ್ ನಗರದ ಪ್ರದರ್ಶನದಲ್ಲಿ, ಮೈಯೇ ಇಲ್ಲದ ಬರಿಯ ಚೌಕಟ್ಟನ್ನು ಎಂಜಿನಿನೊಡನೆ ಇಟ್ಟರು. ೧೯೬೬ರ ಮಾರ್ಚಿಯಲ್ಲಿ ಜಿನೀವಾ ಪ್ರದರ್ಶನದ ಹೊತ್ತಿಗೆ ಗಾಂದಿನಿ ಅದಕ್ಕೆ ಮೈ ಕೊಟ್ಟಿದ್ದರು. ಕಂಡವರು ಬೆರಗಾದರು. ಹೋರಿಗಳನ್ನು ಸಾಕುವುದರಲ್ಲಿ ಹೆಸರಾದ ಸ್ಪೇನ್ ದೇಶದ ಮಿಯೂರ ಮನೆತನದ ಹೆಸರನ್ನೇ ಕಾರಿಗೆ ಇಟ್ಟರು.

ಆ ಕಾರಿನ ಎತ್ತರ ನೆಲದಿಂದ ಸುಮಾರು ೧೦೫ ಸೆಂಟಿಮೀಟರು. ನಿಂತ ಮನುಷ್ಯನ ಸೊಂಟದ ಮಟ್ಟ. ಹನ್ನೆರಡು ಸಿಲಿಂಡರುಗಳ, ೩,೯೨೯ ಘನ ಸೆಂಟಿಮೀಟರಿನ ಎಂಜಿನನ್ನು ಅದರಲ್ಲಿ ಅಡ್ಡಲಾಗಿ ಕೂರಿಸಿದ್ದರು. ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮಿನಿ ಎಂಬ ಪುಟ್ಟ, ಅಗ್ಗದ ಕಾರಿನಲ್ಲಿ ಎಂಜಿನು ಅಡ್ಡಲಾಗಿದ್ದುದನ್ನು ನೋಡಿ ದಲ್ಲಾರ ಈ ಉಪಾಯವನ್ನು ಕಲಿತರು. ಬಡವರ ಕಾರಿನ ಜಾಣ್ಮೆ ಸಿರಿವಂತರ ಕಾರಿಗೆ ದಾರಿ ತೋರಿಸಿತೆಂಬುದು ಗಮನಿಸತಕ್ಕ ಸಂಗತಿ. ಮೊದಲ ಮಾದರಿಯ ಶಕ್ತಿ ೩೫೦ ಅಶ್ವಶಕ್ತಿ. ೧೯೭೧ರಲ್ಲಿ ಬಂದ ಎಸ್.ವಿ. ಮಾದರಿಯದು ೩೮೫. ರಸ್ತೆಯ ಮೇಲೆ ಓಡುವ ಮಧ್ಯ ಎಂಜಿನ್ ಕಾರುಗಳಲ್ಲಿ ಮಿಯೂರವೇ ಮೊದಲನೆಯದೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ, ಫ್ರಾನ್ಸಿನ ಬೊನೆ ಜೆಟ್ ಅದಕ್ಕಿಂತ ಹಿಂದಿನದು. ಆದರೆ ಇಷ್ಟು ದೊಡ್ಡ ಎಂಜಿನನ್ನು ನಡುವೆ ಹೊತ್ತು, ಇಷ್ಟು ವೇಗವಾಗಿ, ಇಷ್ಟು ಚೆಲುವಾಗಿ ಬಂದ ಕಾರು ಅದಕ್ಕೆ ಮುಂಚೆ ಇರಲಿಲ್ಲ. ೧೯೭೩ರವರೆಗೆ ಸುಮಾರು ೭೬೦ ಮಿಯೂರಗಳು ತಯಾರಾದವು.

ಇನ್ನು ಡೀನೋವಿನ ಕಥೆ. ಇದು ಬೇರೆಯೇ ರಸದ್ದು. ಆಲ್ಫ್ರೇದೊ ಫೆರಾರಿ ಎಂಜೊ ಅವರ ಮಗ. ಮನೆಯವರು ಪ್ರೀತಿಯಿಂದ ಕರೆಯುತ್ತಿದ್ದುದು ಡೀನೋ ಎಂದು. ಎಂಜಿನಿಯರಿಂಗ್ ಕಲಿತ ತರುಣ. ಸ್ನಾಯುಗಳು ದಿನದಿನಕ್ಕೆ ಕ್ಷಯಿಸುವ ರೋಗದಿಂದ ನರಳಿ ೧೯೫೬ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಆರು ಸಿಲಿಂಡರುಗಳ ಒಂದು ಎಂಜಿನಿನ ವಿಷಯವಾಗಿ ಅವನು ರೋಗಶಯ್ಯೆಯಲ್ಲಿದ್ದಾಗಲೂ ತಾನೂ ಹಿರಿಯ ಎಂಜಿನಿಯರ್ ವಿತ್ತೋರಿಯೊ ಯಾನೊ ಅವರೂ ಬಳಿಯಲ್ಲಿ ಕುಳಿತು ಚರ್ಚಿಸುತ್ತಿದ್ದೆವೆಂದು ತಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ಎಂಜಿನಿನಲ್ಲಿ ಮಗನ ಪಾಲು ಎಷ್ಟೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ಆ ಬಗೆಯ ಎಂಜಿನುಗಳಿಗೆಲ್ಲ ತಂದೆ ಮಗನ ಹೆಸರನ್ನಿಟ್ಟದ್ದು ನಿರ್ವಿವಾದ.

ಈ ಎಂಜಿನು ರಸ್ತೆಯ ಕಾರಿಗೆ ಬಂದದ್ದು ಒಂದು ನಿಯಮದ ದೆಸೆಯಿಂದ. ೧೯೬೭ರಿಂದ ಫಾರ್ಮುಲಾ ಎರಡು ಎಂಬ ಪಂದ್ಯದಲ್ಲಿ ಓಡುವ ಎಂಜಿನು, ವರ್ಷದಲ್ಲಿ ೫೦೦ ಆದರೂ ತಯಾರಾಗುವ ಕಾರಿನ ಎಂಜಿನಿನಿಂದ ಹುಟ್ಟಿದ್ದಾಗಿರಬೇಕೆಂದು ಕಟ್ಟಳೆಯಾಯಿತು. ಅಷ್ಟನ್ನು ಮಾಡುವ ಶಕ್ತಿ ಫೆರಾರಿಯ ಸಣ್ಣ ಕಾರ್ಖಾನೆಗೆ ಇರಲಿಲ್ಲ. ಆದುದರಿಂದ ದೊಡ್ಡ ಕಂಪನಿಯಾದ ಫಿಯಟ್ ಜೊತೆಗೂಡಿತು. ಒಂದೇ ಎಂಜಿನು ಫಿಯಟ್ ಡೀನೋ ಎಂಬ ಮುಂಭಾಗದ ಎಂಜಿನಿನ ಕಾರಿಗೂ ಫೆರಾರಿಯ ಡೀನೋವಿಗೂ ಸಲ್ಲಿತು. ಮೊದಲು ಬಂದ ೨೦೬ ಜಿ.ಟಿ.ಯಲ್ಲಿ ಎರಡು ಲೀಟರು, ಆರು ಸಿಲಿಂಡರು; ಹೆಸರಿನ ಅಂಕಿಗಳ ಅರ್ಥವೇ ಅದು. ಅದರ ಮೈ ಅಲ್ಯೂಮಿನಿಯಮ್ಮಿನದು. ತಯಾರಾದದ್ದು ಸುಮಾರು ೧೫೦ ಮಾತ್ರ. ೧೯೬೯ರಿಂದ ೧೯೭೪ರವರೆಗೆ ಬಂದ ೨೪೬ ಮಾದರಿಯಲ್ಲಿ ೨,೪೧೯ ಘನ ಸೆಂಟಿಮೀಟರಿನ ಎಂಜಿನು, ೧೯೫ ಅಶ್ವಶಕ್ತಿ, ಉಕ್ಕಿನ ಮೈ. ಇವು ಮೂರೂವರೆ ಸಾವಿರಕ್ಕೂ ಮೀರಿ ತಯಾರಾದವು. ಮೈಕಟ್ಟನ್ನು ರೂಪಿಸಿದ್ದು ಪಿನಿನ್‌ಫರೀನ ಸಂಸ್ಥೆ. ಕಟ್ಟಿದ್ದು ಮೋದೆನ ನಗರದ ಸ್ಕಾಲಿಯೆತ್ತಿ ಕಾರ್ಖಾನೆ.

ಒಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ಫೆರಾರಿಯೇ ಮಾಡಿದ ಈ ಕಾರಿನ ಮೂಗಿನ ಮೇಲೆ ಫೆರಾರಿಯ ಹೆಸರಿರಲಿಲ್ಲ. ಕೆನೆಯುವ ಕುದುರೆಯ ಮುದ್ರೆಯೂ ಇರಲಿಲ್ಲ. ಹಳದಿಯ ಮೇಲೆ ನೀಲಿಯಲ್ಲಿ ‘ಡೀನೋ’ ಎಂದಷ್ಟೇ ಬರೆದಿತ್ತು. ಆರು ಸಿಲಿಂಡರಿನ ಸಣ್ಣ ಕಾರಿಗೆ ಮನೆತನದ ಹೆಸರು ಸಲ್ಲದೆಂಬ ಎಣಿಕೆಯೂ ಇದ್ದೀತು. ಮಗನ ಹೆಸರು ಬೇರೆಯಾಗಿ ನಿಲ್ಲಲಿ ಎಂಬ ವಾತ್ಸಲ್ಯವೂ ಇದ್ದೀತು. ಇದರ ಫಲವಾಗಿ, ಬಹುಕಾಲ ಸಂಗ್ರಾಹಕರು ‘ಇದು ನಿಜವಾದ ಫೆರಾರಿಯಲ್ಲ’ ಎಂದು ಇದನ್ನು ಕೀಳಾಗಿ ಕಂಡರು. ಕೆಲವು ಒಡೆಯರು ಕುದುರೆಯ ಮುದ್ರೆಯನ್ನು ಬೇರೆ ತಂದು ತಾವೇ ಅಂಟಿಸಿಕೊಂಡದ್ದೂ ಉಂಟು! ವಸ್ತುವಿನ ಗುಣವನ್ನು ನೋಡದೆ ಮನೆತನವನ್ನು ವಿಚಾರಿಸಿ ಬೆಲೆ ಕಟ್ಟುವ ಅಭ್ಯಾಸ ನಮ್ಮ ದೇಶದಲ್ಲಿ ಮಾತ್ರವೇ ಇದೆಯೆಂದು ನಾನು ತಿಳಿದಿದ್ದೆ. ಕಾರುಗಳ ಲೋಕದಲ್ಲಿಯೂ ಅದು ಉಂಟೆಂದು ಕಂಡು ನಗು ಬಂದಿತು.

ಈಗ ತುಲನೆಗೆ ಬರೋಣ. ಮೊದಲನೆಯದಾಗಿ, ಅಂದ. ಮಿಯೂರ ನಿಂತಲ್ಲಿಯೇ ನೆಗೆಯಲು ಸಿದ್ಧವಾದ ಹೋರಿಯಂತಿದೆ. ಅಗಲವಾದ ಹಿಂಭಾಗ, ನೆಲಕ್ಕೆ ಬಾಗಿದ ಮೂಗು, ಮಲಗಿದ ದೀಪಗಳ ಸುತ್ತ ಕಣ್ರೆಪ್ಪೆಯಂತೆ ಕಪ್ಪು ಗೆರೆಗಳು. ಆ ದೀಪಗಳು ಫಿಯಟ್ ೮೫೦ ಎಂಬ ಸಾಧಾರಣ ಕಾರಿನಿಂದ ತೆಗೆದುಕೊಂಡವು ಎಂದರೆ ಎಷ್ಟೋ ಮಂದಿ ನಂಬಲಾರರು. ಡೀನೋವಿನ ಚೆಲುವು ಸೌಮ್ಯವಾದುದು. ಬಾಗಿಲಿನ ಮೇಲೆ ಬಟ್ಟಲಿನಂತೆ ಒಳಸರಿದ ಹಳ್ಳವೊಂದು ಎಂಜಿನಿಗೆ ಗಾಳಿಯನ್ನು ಒಯ್ಯುತ್ತದೆ. ಹಿಂದಿನ ಗಾಜು ಒಳಮುಖವಾಗಿ ಬಾಗಿದೆ. ಅನಾವಶ್ಯಕವಾದ ಗೆರೆ ಒಂದೂ ಇಲ್ಲ. ಮೊದಲ ನೋಟಕ್ಕೆ ಮಿಯೂರ ಗೆಲ್ಲುತ್ತದೆ. ನೂರನೆಯ ನೋಟಕ್ಕೆ ಡೀನೋ ಸೋಲುವುದಿಲ್ಲ. ಈ ವಿಷಯದಲ್ಲಿ ಪಕ್ಷ ವಹಿಸುವುದು ಕೇವಲ ಅಭಿರುಚಿಯ ಮಾತು.

ಎರಡನೆಯದಾಗಿ, ವಿರಳತೆ. ಇಲ್ಲಿ ಮಿಯೂರ ಮುಂದು. ೭೬೦ಕ್ಕೂ ಮೂರೂವರೆ ಸಾವಿರಕ್ಕೂ ಇರುವ ಅಂತರ ಬೆಲೆಯಲ್ಲಿ ಕಾಣುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಮಿಯೂರದ ಬೆಲೆ ಇಂದು ಹತ್ತು ಲಕ್ಷ ಡಾಲರುಗಳನ್ನು ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿಗೂ ಮೀರಿದ ಮೊತ್ತ. ಎಸ್.ವಿ. ಮಾದರಿಗೆ ಅದರ ಇಮ್ಮಡಿಯೂ ಉಂಟು. ೨೪೬ ಡೀನೋವಿನ ಬೆಲೆ ಇದರ ಒಂದು ಪಾಲು ಮಾತ್ರ. ಆದರೂ ಅದು ನಮ್ಮ ನಿಮ್ಮ ಕೈಗೆ ನಿಲುಕುವಂಥದಲ್ಲ.

ಮೂರನೆಯದಾಗಿ, ಓಟ. ಬರಿಯ ವೇಗದಲ್ಲಿ ಮಿಯೂರಕ್ಕೆ ಡೀನೋ ಸಾಟಿಯಲ್ಲ. ಗಂಟೆಗೆ ಸುಮಾರು ೨೮೦ ಕಿಲೋಮೀಟರು ಓಡಬಲ್ಲದೆಂದು ಮಿಯೂರದ ಖ್ಯಾತಿ. ಆದರೆ ಅದರ ಪೆಟ್ರೋಲು ತೊಟ್ಟಿ ಮುಂದುಗಡೆ ಇದೆ. ಪೆಟ್ರೋಲು ಖರ್ಚಾದಂತೆ ಮೂಗು ಹಗುರಾಗುತ್ತದೆ. ಅತಿ ವೇಗದಲ್ಲಿ ಗಾಳಿ ಅದನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಚಾಲಕನ ತಲೆಯ ಹಿಂದೆಯೇ ಹನ್ನೆರಡು ಸಿಲಿಂಡರುಗಳ ಕಾವು ಮತ್ತು ಗರ್ಜನೆ. ಪಂದ್ಯದ ಬಗೆಯ ಕಾರ್ಬುರೇಟರುಗಳಾದುದರಿಂದ, ನಿಧಾನವಾದ ಸಂಚಾರದಲ್ಲಿ ಸಿಕ್ಕಿಕೊಂಡಾಗ ಪೆಟ್ರೋಲು ಶೇಖರವಾಗಿ ಬೆಂಕಿ ಹೊತ್ತಿಕೊಂಡ ಪ್ರಸಂಗಗಳೂ ಇವೆ. ಡೀನೋ ಅಷ್ಟು ವೇಗಿಯಲ್ಲ. ಆದರೆ ಬೆಟ್ಟದ ತಿರುವುಗಳಲ್ಲಿ ಅದರ ಸಮತೂಕವನ್ನು ಹೊಗಳದವರಿಲ್ಲ. ಸಾಮಾನ್ಯ ಚಾಲಕನೂ ಅದರ ಗುಣದ ಬಹುಭಾಗವನ್ನು ಸವಿಯಬಹುದು. ಮಿಯೂರದ ಪೂರ್ಣ ಗುಣವನ್ನು ಸವಿಯಬೇಕಾದರೆ ಬಾಬ್ ವಾಲೇಸನೇ ಆಗಬೇಕು.

ನಾಲ್ಕನೆಯದು, ಪೋಷಣೆ. ಸಂಗ್ರಾಹಕನಿಗೆ ಇದು ಮುಖ್ಯ. ಮಿಯೂರದಲ್ಲಿ ಎಂಜಿನೂ ಗೇರುಪೆಟ್ಟಿಗೆಯೂ ಒಂದೇ ಎರಕದಲ್ಲಿದ್ದು ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತವೆ. ಗೇರಿನ ಹಲ್ಲು ಸವೆದು ಉದುರಿದ ಲೋಹದ ಪುಡಿ ಎಣ್ಣೆಯ ಜೊತೆಯಲ್ಲಿ ಎಂಜಿನನ್ನೂ ಹೊಗಬಹುದು. ಕಡೆಗಾಲದ ಎಸ್.ವಿ.ಗಳಲ್ಲಿ ಮಾತ್ರ ಎರಡು ಎಣ್ಣೆಗಳನ್ನು ಬೇರ್ಪಡಿಸಿದರು. ಡೀನೋವಿನ ದೊಡ್ಡ ಶತ್ರು ತುಕ್ಕು. ಅದರ ಉಕ್ಕಿನ ಮೈಯನ್ನು ಕೊಳ್ಳುವ ಮುನ್ನ ಮೂಲೆಮೂಲೆಯನ್ನೂ ತಟ್ಟಿ ನೋಡಬೇಕು. ಎಂಜಿನು ಮಾತ್ರ ಗಟ್ಟಿಮುಟ್ಟಾದುದು. ಇದೇ ಎಂಜಿನನ್ನು ಹೊತ್ತ ಲಾಂಚಿಯ ಸ್ಟ್ರಾಟೋಸ್ ಕಾರು, ಮಣ್ಣು ಹಿಮಗಳ ದಾರಿಯಲ್ಲಿ ಓಡಿ, ೧೯೭೪ರಿಂದ ೧೯೭೬ರವರೆಗೆ ಸತತ ಮೂರು ವರ್ಷ ವಿಶ್ವ ರ್‍ಯಾಲಿ ಪಟ್ಟವನ್ನು ಗೆದ್ದಿತು. ಸ್ಟ್ರಾಟೋಸಿನ ಮೈಯನ್ನು ಬರೆದವರು ಅದೇ ಗಾಂದಿನಿ! ಡೀನೋವಿನ ಹೃದಯ, ಮಿಯೂರದ ಶಿಲ್ಪಿ: ಈ ಎರಡು ಮನೆಗಳ ಜಗಳ ಅಲ್ಲಿ ಒಂದಾದಂತಾಯಿತು.

ಐದನೆಯದು, ಸಾಚಾತನ. ಬೆಲೆ ಏರಿದಲ್ಲಿ ವೇಷವೂ ಏರುತ್ತದೆ. ಹಿಂದಿನ ಮಾದರಿಯ ಮಿಯೂರಗಳನ್ನು ಎಸ್.ವಿ.ಯಂತೆ ಮಾರ್ಪಡಿಸಿದವರಿದ್ದಾರೆ. ಅಗಲವಾದ ಚಕ್ರ, ಉಬ್ಬಿದ ಮಡ್‌ಗಾರ್ಡು, ವಿಶೇಷ ಆಸನಗಳಿರುವ ಡೀನೋವಿಗೆ ಬೆಲೆ ಹೆಚ್ಚು. ಅವನ್ನು ಆಮೇಲೆ ಸೇರಿಸಿ ಮೂಲದ್ದೆಂದು ತೋರಿಸುವವರೂ ಇದ್ದಾರೆ. ಆದುದರಿಂದಲೇ ಚೌಕಟ್ಟಿನ ಸಂಖ್ಯೆ, ಎಂಜಿನಿನ ಸಂಖ್ಯೆ, ಕಾರ್ಖಾನೆಯ ದಾಖಲೆ ಇವು ಮೂರೂ ತಾಳೆಯಾಗಬೇಕೆಂದು ಬಲ್ಲವರು ಹೇಳುತ್ತಾರೆ. ೧೯೬೯ರ ‘ದಿ ಇಟಾಲಿಯನ್ ಜಾಬ್’ ಚಲನಚಿತ್ರದ ಆರಂಭದಲ್ಲಿ ಆಲ್ಪ್ಸ್ ಪರ್ವತದ ದಾರಿಯಲ್ಲಿ ಓಡಿದ ಮಿಯೂರ ಇದೇ ಎಂದು, ಬಹುಕಾಲದ ಹುಡುಕಾಟದ ನಂತರ, ಲಂಬೋರ್ಗಿನಿಯ ಇತಿಹಾಸ ವಿಭಾಗ ೨೦೧೯ರಲ್ಲಿ ಒಂದು ಕಾರಿಗೆ ಪ್ರಮಾಣಪತ್ರ ಕೊಟ್ಟಿತು. ಇತಿಹಾಸದ ತರಗತಿಯಲ್ಲಿ ಶಾಸನವನ್ನು ಪರೀಕ್ಷಿಸುವ ಬಗೆಯನ್ನು ಕಲಿತ ನಮಗೆ ಈ ಕ್ರಮ ಹೊಸದೇನೂ ಅಲ್ಲ.

ಈ ಐದು ಅಂಶಗಳನ್ನು ಕೂಡಿ ಕಳೆದರೆ ಲೆಕ್ಕ ಹೆಚ್ಚು ಕಡಿಮೆ ಸಮವಾಗುತ್ತದೆ. ತೀರ್ಪಿಗೆ ಬೇರೊಂದು ಅಳತೆಗೋಲು ಬೇಕು. ಸಂಗ್ರಾಹಕನ ಧರ್ಮವೇನು? ಇದೇ ಆ ಅಳತೆಗೋಲು.

ಇಂದಿನ ಅನೇಕ ಸಂಗ್ರಾಹಕರು ಕಾರನ್ನು ಕೊಳ್ಳುವುದು ಕಾರಿಗಾಗಿ ಅಲ್ಲ, ಏರುವ ಬೆಲೆಗಾಗಿ. ಕೊಂಡು ತಂದು, ತಂಪು ಮಾಡಿದ ಕೋಣೆಯಲ್ಲಿಟ್ಟು, ಹೊದಿಕೆ ಹಾಕಿ, ಬೀಗ ಜಡಿಯುತ್ತಾರೆ. ಓಡಿಸಿದರೆ ಕಿಲೋಮೀಟರು ಏರಿ ಬೆಲೆ ಇಳಿದೀತೆಂಬ ಭಯ! ನನ್ನ ತಂದೆಯವರು ಓದಿದವರಲ್ಲ. ಆದರೆ ಯಂತ್ರವನ್ನು ಓಡಿಸಿ ಕೆಡಿಸಿದವರಿಗಿಂತ ನಿಲ್ಲಿಸಿ ಕೆಡಿಸಿದವರೇ ಹೆಚ್ಚೆಂದು ಅವರು ಆಗಾಗ ಹೇಳುವುದುಂಟು. ಶಾಸ್ತ್ರವೂ ಅದನ್ನೇ ಹೇಳುತ್ತದೆ. ನಿಂತ ಎಂಜಿನಿನಲ್ಲಿ ಎಣ್ಣೆ ಕೆಳಗಿಳಿದು ಲೋಹ ಬರಿದಾಗುತ್ತದೆ. ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಕಟ್ಟಿಕೊಳ್ಳುತ್ತದೆ. ಟೈರುಗಳು ನಿಂತಲ್ಲಿಯೇ ಚಪ್ಪಟೆಯಾಗುತ್ತವೆ. ಹೊರಗಡೆ ಹೊಳಪು, ಒಳಗಡೆ ಸಾವು.

ಒಂದು ಡೀನೋವನ್ನು ನಿಜವಾಗಿಯೂ ಮಣ್ಣಿನಲ್ಲಿ ಹೂತಿದ್ದರು. ೧೯೭೪ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಕಳುವಾಯಿತೆಂದು ದೂರಾಗಿದ್ದ ಆ ಕಾರು, ೧೯೭೮ರಲ್ಲಿ ಮನೆಯೊಂದರ ಅಂಗಳದಲ್ಲಿ ನೆಲದೊಳಗೆ ಸಿಕ್ಕಿತು. ಅಂಗಳವನ್ನು ಅಗೆಯುತ್ತಿದ್ದ ಮಕ್ಕಳಿಗೆ ಮೊದಲು ಅದರ ಸುಳಿವು ಸಿಕ್ಕಿತೆಂಬುದು ಪ್ರಸಿದ್ಧವಾದ ಕಥೆ. ವಿಮೆಯ ಹಣಕ್ಕಾಗಿ ನಡೆದ ಮೋಸವೆಂದು ಜನ ಆಡಿಕೊಂಡರು. ವಿಶೇಷವೇನೆಂದರೆ, ಆ ಕಾರನ್ನು ಕೊಂಡವರೊಬ್ಬರು ಅದನ್ನು ದುರಸ್ತಿ ಮಾಡಿಸಿ ಮತ್ತೆ ರಸ್ತೆಗೆ ತಂದರು. ಮಣ್ಣಿನಲ್ಲಿ ಹೂಳುವುದಕ್ಕೂ ಬೀಗದ ಕೋಣೆಯಲ್ಲಿ ಹೂಳುವುದಕ್ಕೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣದು. ಮಣ್ಣಿನಲ್ಲಿ ಹೂತದ್ದನ್ನು ಅಗೆದು ತೆಗೆಯಬಹುದು. ಬೆಲೆಯ ಆಸೆಯಲ್ಲಿ ಹೂತದ್ದನ್ನು ತೆಗೆಯುವ ಸಲಿಕೆ ಯಾವುದು?

ಆದುದರಿಂದ ಸಂಗ್ರಾಹಕನ ಧರ್ಮ ಎರಡು ವಿಧ ಎಂಬುದು ನನ್ನ ಅಭಿಪ್ರಾಯ. ವಸ್ತುವನ್ನು ಜೀವಂತವಾಗಿ ಇಡುವುದು ಒಂದು; ಇತರರ ಕಣ್ಣಿಗೂ ಅದನ್ನು ಹಂಚುವುದು ಇನ್ನೊಂದು. ಇವೆರಡನ್ನೂ ಮಾಡದವನು ಸಂಗ್ರಾಹಕನಲ್ಲ, ಕೇವಲ ಉಗ್ರಾಣದವನು.

ಈ ಅಳತೆಗೋಲಿನಿಂದ ಅಳೆದಾಗ, ಒಬ್ಬ ಖಾಸಗಿ ಸಂಗ್ರಾಹಕನಿಗೆ ಡೀನೋವೇ ಮೇಲೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಏಕೆಂದರೆ ಡೀನೋವನ್ನು ಓಡಿಸಬಹುದು. ಅದರ ಬೆಲೆ ಒಡೆಯನನ್ನು ಬೆದರಿಸುವಷ್ಟು ಏರಿಲ್ಲ. ಅದರ ಸ್ವಭಾವ ಚಾಲಕನನ್ನು ಬೆದರಿಸುವಂಥದಲ್ಲ. ಭಾನುವಾರದ ಬೆಳಿಗ್ಗೆ ಊರ ಹೊರಗಿನ ರಸ್ತೆಯಲ್ಲಿ ಅದು ಹೊರಟರೆ, ಬೇಲಿಯ ಬದಿಯಲ್ಲಿ ನಿಂತ ಹುಡುಗನೂ ಅದನ್ನು ನೋಡಬಹುದು, ಅದರ ಸ್ವರವನ್ನು ಕೇಳಬಹುದು. ಬಂಡಿಗೆ ಕೀಲೆಣ್ಣೆ ಎಷ್ಟು ಮುಖ್ಯವೋ ಓಟವೂ ಅಷ್ಟೇ ಮುಖ್ಯ. ಮಿಯೂರವನ್ನು ಕೊಂಡವರು ಅದನ್ನು ಓಡಿಸಲು ಅಂಜುತ್ತಾರೆ. ಅಂಜಿಕೆಗೆ ಕಾರಣವೂ ಇದೆ. ಬೆಂಕಿ ಬಿದ್ದರೆ ಎಂಟು ಕೋಟಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ೭೬೦ರಲ್ಲಿ ಇನ್ನೊಂದು ಕಡಮೆಯಾಯಿತು. ಇರಾನಿನ ಷಾ ಅವರಿಗಾಗಿ ೧೯೭೧ರಲ್ಲಿ ವಿಶೇಷವಾಗಿ ತಯಾರಾದ ಮಿಯೂರವೊಂದು ಅರಮನೆಯನ್ನು ಸೇರಿತು. ೧೯೭೯ರ ಕ್ರಾಂತಿಯಲ್ಲಿ ಮುಟ್ಟುಗೋಲಾಯಿತು. ೧೯೯೭ರಲ್ಲಿ ಹರಾಜಿಗೆ ಬಂದು ನಟ ನಿಕೊಲಾಸ್ ಕೇಜ್ ಅವರ ಕೈ ಸೇರಿತು. ಅರಸನಿಂದ ನಟನಿಗೆ ಕೈ ಬದಲಾಯಿತೇ ಹೊರತು ಅದನ್ನು ರಸ್ತೆಯಲ್ಲಿ ಕಂಡವರು ಎಷ್ಟು ಮಂದಿ?

ಇಲ್ಲಿ ನನ್ನ ಮನಸ್ಸಿನ ಒಂದು ಎಳೆತವನ್ನು ಮುಚ್ಚಿಡಬಾರದು. ಟ್ರ್ಯಾಕ್ಟರ್ ಚಾಲಕನ ಮಗನಾದ ನಾನು ಸಹಜವಾಗಿ ಒಲಿಯಬೇಕಾದುದು ಮಿಯೂರಕ್ಕೆ. ಟ್ರ್ಯಾಕ್ಟರಿನವನೆಂದು ಹೀಗಳೆಯಲ್ಪಟ್ಟ ರೈತನ ಮಗ, ಹೀಗಳೆದವರು ಮಾಡಲು ಅಂಜಿದ ಕಾರನ್ನು ಮಾಡಿ ತೋರಿಸಿದನೆಂದು ಓದಿದಾಗ ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ಆದರೆ ಅಭಿಮಾನ ಬೇರೆ, ತೀರ್ಪು ಬೇರೆ. ಫೆರುಚ್ಚೊ ಅವರು ೧೯೭೦ರ ದಶಕದಲ್ಲಿ ಕಾರು ಕಾರ್ಖಾನೆಯನ್ನು ಮಾರಿ, ಉಂಬ್ರಿಯ ಸೀಮೆಯಲ್ಲಿ ದ್ರಾಕ್ಷಿ ತೋಟವನ್ನು ಮಾಡಿಕೊಂಡು ನೆಲದ ಕೆಲಸಕ್ಕೇ ಮರಳಿದರು. ಪಂಥ ಗೆದ್ದಾಯಿತು, ಇನ್ನು ಸಾಕು ಎಂಬಂತೆ. ಎಂಜೊ ಅವರಾದರೋ ೧೯೮೮ರಲ್ಲಿ ತೀರಿಕೊಳ್ಳುವವರೆಗೂ ಕಾರುಗಳ ನಡುವೆಯೇ ಬಾಳಿದರು. ಪಂಥದಿಂದ ಹುಟ್ಟಿದ ವಸ್ತು ಒಂದು. ಶೋಕದಿಂದ ಹುಟ್ಟಿದ ವಸ್ತು ಇನ್ನೊಂದು. ಎರಡನ್ನೂ ಗೌರವಿಸೋಣ.

ಹಾಗಾದರೆ ಮಿಯೂರದ ಸ್ಥಾನ ಎಲ್ಲಿ? ಅದು ಸಾರ್ವಜನಿಕ ವಸ್ತುಸಂಗ್ರಹಾಲಯದಲ್ಲಿರಬೇಕು. ಅಷ್ಟು ವಿರಳವಾದ, ಅಷ್ಟು ಅಪಾಯದ, ಅಷ್ಟು ಚೆಲುವಾದ ವಸ್ತು ಒಬ್ಬನ ಬೀಗದ ಕೈಗೆ ಒಳಪಡುವುದು ಸರಿಯಲ್ಲ. ಬೊಲೋನ್ಯ ನಗರದ ಸಮೀಪದಲ್ಲಿ ಫೆರುಚ್ಚೊ ಅವರ ಹೆಸರಿನ ಸಂಗ್ರಹಾಲಯವೊಂದಿದೆ. ಅಲ್ಲಿ ಅವರ ಟ್ರ್ಯಾಕ್ಟರುಗಳೂ ಅವರ ಸ್ವಂತ ಮಿಯೂರವೂ ಒಂದೇ ಸೂರಿನಡಿಯಲ್ಲಿ ನಿಂತಿವೆ. ಮಿಯೂರಕ್ಕೆ ಇದಕ್ಕಿಂತ ಒಪ್ಪುವ ಜಾಗ ನನಗೆ ತೋಚದು. ನಮ್ಮ ನಾಡಿನಲ್ಲಿಯೂ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದವರು ಹಳೆಯ ಕಾರುಗಳನ್ನು ಕೂಡಿಸಿ ಯಾತ್ರ್ರಿಕರ ಕಣ್ಣಿಗೆ ಇಟ್ಟಿದ್ದಾರೆ. ದೇವರ ದರ್ಶನಕ್ಕೆ ಬಂದ ರೈತನೂ ಅಲ್ಲಿ ನಿಂತು ಹಳೆಯ ಯಂತ್ರಗಳನ್ನು ನೋಡಿ ಹೋಗುತ್ತಾನೆ. ಸಂಗ್ರಹವೆಂದರೆ ಹಾಗಿರಬೇಕು.

ಹಣದ ಪ್ರಶ್ನೆ ಎತ್ತುವವರಿಗೆ ಒಂದು ಮಾತು. ಹಣ ಹಾಕಿದವನು ತನ್ನ ವಸ್ತುವನ್ನು ಏನಾದರೂ ಮಾಡಿಕೊಳ್ಳಲಿ, ನೀನಾರು ಕೇಳುವವನು ಎಂದು ಕೆಲವರು ಹೇಳಬಹುದು. ಕಾನೂನಿನಲ್ಲಿ ಅವರ ಮಾತು ಸರಿ. ಆದರೆ ಮಿಯೂರವನ್ನು ಬರೆದ ಗಾಂದಿನಿ ೨೦೨೪ರಲ್ಲಿ ತೀರಿಕೊಂಡರು. ಅದರ ಮೈಯನ್ನು ಕಟ್ಟಿದ ಬೆರ್ತೊನೆ ಸಂಸ್ಥೆ ೨೦೧೪ರಲ್ಲಿ ದಿವಾಳಿಯಾಯಿತು. ಡೀನೋ ಎಂಬ ತರುಣ ಹೋಗಿ ಆರು ದಶಕಗಳು ದಾಟಿವೆ. ಅವರ ಕೈಕೆಲಸಕ್ಕೆ ಸಾಕ್ಷಿಯಾಗಿ ಉಳಿದಿರುವುದು ಈ ಕಾರುಗಳೇ. ಇನ್ನೊಬ್ಬರ ಬಾಳಿನ ದುಡಿಮೆಯನ್ನು ಕೊಂಡವನು ಅದರ ಒಡೆಯನಷ್ಟೇ ಅಲ್ಲ, ಪಾಲಕನೂ ಹೌದು. ಇದು ಕಾರಿಗೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ಗ್ರಂಥಾಲಯದಿಂದ ಎರವಲು ತಂದ ಪುಸ್ತಕವನ್ನು ಓದದೆ ಕಪಾಟಿನಲ್ಲಿ ಇಟ್ಟುಕೊಳ್ಳುವ ಮಿತ್ರರಿಗೂ ಸಲ್ಲುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ನೋಡಲು ಮಿಯೂರ, ಬಾಳಿಸಲು ಡೀನೋ. ಕೊಳ್ಳುವವನು ಡೀನೋವನ್ನೇ ಕೊಳ್ಳಲಿ, ಕೊಂಡು ಓಡಿಸಲಿ. ಅದರ ಮೂಗಿನ ಮೇಲೆ ಕುದುರೆಯ ಮುದ್ರೆಯನ್ನು ಅಂಟಿಸದೆ, ಆ ಹುಡುಗನ ಹೆಸರನ್ನೇ ಇರಗೊಡಲಿ. ಇದಕ್ಕೆ ಒಪ್ಪದ ಮಿತ್ರರಿದ್ದರೆ, ಗುರುಗಳಿದ್ದರೆ, ಮುಂದಿನ ವರ್ಷದ ಸಂಚಿಕೆಯಲ್ಲಿ ಮಿಯೂರದ ಪರವಾಗಿ ಉತ್ತರ ಬರೆಯಬೇಕೆಂದು ಕೋರುತ್ತೇನೆ. ಆ ಹೊತ್ತಿಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಆದರೂ ಎಲ್ಲಿದ್ದರೂ ಒಂದು ಪ್ರತಿಯನ್ನು ತರಿಸಿಕೊಂಡು ಓದುತ್ತೇನೆ.